ಒಂದಕ್ಕೊಂದು ವಜಾ

ನಮ್ಮತ್ತೆ ಅರ್ಡಿತ್‌ಗೆ ಎಪ್ಪತ್ತೊಂಬತ್ತು ವರ್ಷ. ನಾನು ಈ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತನಾಲ್ಕು ವರ್ಷವಾಯಿತು. ಆಕೆ ಸಿಡುಕಿದ್ದನ್ನು ಕಂಡಿದ್ದೇನೆ, ನನ್ನ ಅಡುಗೆಗೆ ಮೂಗು ಮುರಿದದ್ದನ್ನು ಕಂಡಿದ್ದೇನೆ, ಆದರೆ ಒಂದು ದಿನವೂ ಸುಳ್ಳು ಹೇಳಿದ್ದನ್ನು ಕಂಡಿರಲಿಲ್ಲ. ಅದಕ್ಕೇ ಚುನಾವಣೆಯ ಆ ನವೆಂಬರಿನಲ್ಲಿ ನಮ್ಮ ಮನೆಯಲ್ಲಿ ನಡೆದದ್ದು ನನಗೆ ಇವತ್ತಿಗೂ ಅರಗುವುದಿಲ್ಲ.

ಶುರುವಾದದ್ದು ಅಕ್ಟೋಬರಿನ ಒಂದು ಭಾನುವಾರ, ಅಡುಗೆಮನೆಯ ಮೇಜಿನ ಮೇಲೆ. ಒಂದು ತುದಿಯಲ್ಲಿ ನನ್ನ ಗಂಡ ಲೈಲ್, ಇನ್ನೊಂದು ತುದಿಯಲ್ಲಿ ಮಗಳು ಕೊರಿನ್. ಇಬ್ಬರ ಮುಂದೆಯೂ ಅಂಚೆಯಲ್ಲಿ ಬಂದ ಓಟಿನ ಹಾಳೆ. ಲೈಲ್ ಹಾಲಿನ ಟ್ಯಾಂಕರ್ ಓಡಿಸುತ್ತಾನೆ. ಚುನಾವಣೆಯ ದಿನ ಅವನು ಎಲ್ಲಿರುತ್ತಾನೋ ಅವನಿಗೇ ಗೊತ್ತಿರುವುದಿಲ್ಲ. ಕೊರಿನ್ ನಮ್ಮ ಒಹಾಯೋ ರಾಜ್ಯದ ಕೊಲಂಬಸ್ಸಿನಲ್ಲಿ ನರ್ಸಿಂಗ್ ಓದುತ್ತಾಳೆ. ಅಧ್ಯಕ್ಷರನ್ನು ಆರಿಸಲು ಅವಳು ಹಾಕುವ ಮೊದಲ ಓಟು ಅದು. ಅಪ್ಪ ಶಾಲೆಯ ಹುಡುಗನ ಹಾಗೆ ಎಡಗೈ ಅಡ್ಡವಿಟ್ಟುಕೊಂಡು ಗುರುತು ಹಾಕುತ್ತಿದ್ದರೆ, ಮಗಳು ಕುರ್ಚಿಯನ್ನೇ ತಿರುಗಿಸಿಕೊಂಡು ಕೂತಿದ್ದಳು.

"ಅಪ್ಪ, ನಿಮ್ಮದನ್ನ ಯಾರೂ ಕಾಪಿ ಹೊಡೆಯಲ್ಲ, ಆರಾಮಾಗಿ ಬರೀರಿ."

"ನೀನು ಹೊಡೆದಿದ್ರೆ ದೇಶ ಉದ್ಧಾರ ಆಗ್ತಿತ್ತು."

ಅವನ ಅಭ್ಯರ್ಥಿ ಒಬ್ಬ, ಅವಳದು ಇನ್ನೊಬ್ಬರು. ಅಂಗಳದಲ್ಲಿ ಅಪ್ಪನ ಪ್ರಚಾರದ ಬೋರ್ಡು ಒಂದು ಕಡೆ, ಮಗಳ ಬೋರ್ಡು ಇನ್ನೊಂದು ಕಡೆ ನೆಟ್ಟಿದ್ದವು. ನನಗೆ ಅಧ್ಯಕ್ಷರಿಗಿಂತ ಹೆಚ್ಚಿನ ಚಿಂತೆ ಆ ಹಾಳೆಯ ಕಟ್ಟಕಡೆಯ ಸಾಲಿನದು. ನಮ್ಮೂರಿನ ಎರಡು ಕೋಣೆಯ ಲೈಬ್ರರಿಗಾಗಿ ಐದು ವರ್ಷಕ್ಕೊಮ್ಮೆ ಊರವರೇ ಒಂದು ಸಣ್ಣ ತೆರಿಗೆಗೆ ಒಪ್ಪಿಗೆ ಕೊಡಬೇಕು. 'ಹೌದು' ಹೆಚ್ಚು ಬಂದರೆ ಲೈಬ್ರರಿ ಉಳಿಯುತ್ತದೆ, ಇಲ್ಲದಿದ್ದರೆ ಡಿಸೆಂಬರ್ ಕೊನೆಗೆ ಬಾಗಿಲು ಬಂದ್. ಹತ್ತೊಂಬತ್ತು ವರ್ಷದಿಂದ ಆ ಬಾಗಿಲು ತೆಗೆಯುವವಳು ನಾನು. ಮನೆಯವರನ್ನು ನಾನು ಏನೂ ಕೇಳಲಿಲ್ಲ. ಲೈಲ್‌ಗೆ ತೆರಿಗೆ ಅನ್ನುವ ಶಬ್ದ ಕೇಳಿದರೇ ಮೈ ಉರಿಯುತ್ತದೆ, ಕೇಳಿ ಯಾಕೆ ಬೇಜಾರು ಮಾಡಿಕೊಳ್ಳಲಿ ಅಂತ ಸುಮ್ಮನಿದ್ದೆ.

ಇಬ್ಬರೂ ಲಕೋಟೆ ಅಂಟಿಸಿ ಸಹಿ ಹಾಕಿದರು. ಅತ್ತೆ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತಾ ಬಂದರು.

"ಎರಡೂ ನನ್ ಕೈಗೆ ಕೊಡಿ. ಗುರುವಾರ ಹಲ್ಲಿನ ಡಾಕ್ಟರ ಹತ್ರ ಹೋಗ್ತೀನಲ್ಲ, ಕೌಂಟಿಯ ಚುನಾವಣೆ ಆಫೀಸು ಎದುರಿಗೇ ಇದೆ. ಹಾಕಿ ಬರ್ತೀನಿ."

ಗುರುವಾರ ಹೋದರು, ಬಂದರು. "ಆಯ್ತಾ ಅತ್ತೆ?" ಅಂದೆ. "ಒಂದು ಹಲ್ಲು ಕೀಳಬೇಕಂತೆ" ಅಂದರು. ಆಮೇಲೆ ಯಾರೂ ಆ ಮಾತೇ ಎತ್ತಲಿಲ್ಲ.

ಚುನಾವಣೆ ಮುಗಿಯಿತು. ಲೈಲ್‌ನ ಅಭ್ಯರ್ಥಿ ಗೆದ್ದ. ಆ ರಾತ್ರಿಯ ಎಣಿಕೆಯಲ್ಲಿ ನಮ್ಮ ಲೈಬ್ರರಿಯೂ ಒಂಬತ್ತು ಓಟಿನಿಂದ ಮುಂದಿತ್ತು. ಅಂಚೆಯ ಓಟುಗಳನ್ನೆಲ್ಲ ಸೇರಿಸಿ ಕೊನೆಯ ಲೆಕ್ಕ ಬರಲು ಇನ್ನೂ ಎರಡು ಮೂರು ವಾರ ಬೇಕಿತ್ತು. ನಾನು ಬಚಾವಾದೆ ಅಂದುಕೊಂಡು ಜನವರಿಗೆ ಹೊಸ ಪುಸ್ತಕಗಳ ಪಟ್ಟಿ ಬರೆಯಲು ಕೂತೆ.

ಆ ಭಾನುವಾರ ಕೊರಿನ್ ಬಟ್ಟೆಯ ಮೂಟೆ ಹೊತ್ತು ಬಂದಳು. ವಾಷಿಂಗ್ ಮಿಷಿನ್ನಿಗೆ ಹಾಕಿ ಊಟಕ್ಕೆ ಕೂತಳು. ಆಲೂಗಡ್ಡೆಯ ಮುದ್ದೆಯ ಮೇಲೆ ಕೋಳಿ ನೂಡಲ್ಸ್ ಸುರಿದು ಮಾಡುವ ಅತ್ತೆಯ ಅಡುಗೆ.

"ಆಗಿದ್ದು ಆಯ್ತು. ಇನ್ನು ಎಲ್ರೂ ಒಂದಾಗಿ ಕೆಲಸ ನೋಡ್ಕೋಬೇಕು, ಅಷ್ಟೇ" ಅಂದ ಲೈಲ್. ಅವನ ಮಟ್ಟಿಗೆ ಅದು ಒಳ್ಳೆಯ ಮಾತೇ.

"ಗೆದ್ದವರಿಗೆ ಒಂದಾಗೋದು ಸುಲಭ ಅಪ್ಪ. ಹೋದ ಸಲ ಸೋತಾಗ ನೀವು ನಾಲ್ಕು ವರ್ಷ ಒಂದಾಗಿದ್ರಾ?"

"ಹೋದ ಸಲದ ಕಥೆನೇ ಬೇರೆ."

"ಯಾಕೆ ಬೇರೆ? ಆಗ ನೀವು ಸೋತಿದ್ರಿ, ಅದಕ್ಕಾ?"

"ನೋಡು, ನನ್ನ ಮನೇಲಿ ಕೂತು, ನನ್ನ ಅನ್ನ ತಿಂದು…"

"ಅಜ್ಜಿ ಮಾಡಿದ ಅನ್ನ."

"ಬೀನ್ಸ್ ಈ ಕಡೆ ಕೊಡು" ಅಂದರು ಅತ್ತೆ. ಯಾರೂ ಕೊಡಲಿಲ್ಲ. ಕೊರಿನ್ ಎದ್ದಳು. ಇನ್ನೂ ಒದ್ದೆಯಾಗಿದ್ದ ಬಟ್ಟೆಯನ್ನೇ ಮೂಟೆ ಕಟ್ಟಿಕೊಂಡು ಕಾರು ಹತ್ತಿದಳು. ಹತ್ತುವ ಮುಂಚೆ ನನ್ನನ್ನು ಮಾತ್ರ ತಬ್ಬಿಕೊಂಡು, "ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ನಾನು ಬರಲ್ಲ ಅಮ್ಮ" ಅಂದಳು.

ಅಲ್ಲಿಂದ ಎರಡು ವಾರ ನಮ್ಮ ಮನೆ ಮನೆಯಾಗಿರಲಿಲ್ಲ. ಲೈಲ್ ತಟ್ಟೆ ಎತ್ತಿಕೊಂಡು ಗ್ಯಾರೇಜಿಗೆ ಹೋಗಿ ರೇಡಿಯೋ ಮುಂದೆ ಊಟ ಮಾಡುತ್ತಿದ್ದ. ಕೊರಿನ್ ನನಗೆ ಫೋನ್ ಮಾಡುವಳು. ಹಿಂದೆ ಅಪ್ಪನ ಕೆಮ್ಮು ಕೇಳಿದರೆ ಇಟ್ಟುಬಿಡುವಳು. ನಾಲ್ಕು ಜನರ ಮೇಜಿಗೆ ನಾವು ಅತ್ತೆ ಸೊಸೆ ಇಬ್ಬರೇ.

"ನೀವೂ ಮಾವನೂ ಬೇರೆ ಬೇರೆ ಪಕ್ಷದವರಲ್ವಾ ಅತ್ತೆ? ಹೇಗೆ ಬಾಳಿದ್ರಿ?" ಅಂತ ಒಂದು ದಿನ ಪಾತ್ರೆ ಒರೆಸುತ್ತಾ ಕೇಳಿದೆ.

"ನಲವತ್ತಾರು ವರ್ಷ. ಒಂದು ದಿನಾನೂ ದನಿ ಎತ್ತಲಿಲ್ಲ" ಅಂದರು. ಹೇಗೆ ಅಂತ ಹೇಳಲಿಲ್ಲ. ಬದಲಿಗೆ ಕೈ ಒರೆಸಿಕೊಂಡು ಹೋಗಿ ಮೊಮ್ಮಗಳಿಗೆ ಫೋನ್ ಹಚ್ಚಿದರು. "ಶನಿವಾರ ಎಲ್ರೂ ಗೆಟಿಸ್‌ಬರ್ಗ್‌ಗೆ ಹೋಗಿಬರೋಣ. ಅಂತರ್ಯುದ್ಧದಲ್ಲಿ ಅಲ್ಲಿ ಕಾದಾಡಿದ ನಮ್ಮ ಮುತ್ತಜ್ಜನ ರೆಜಿಮೆಂಟಿನ ಸ್ಮಾರಕದ ಕಲ್ಲು ನೀನು ನೋಡೇ ಇಲ್ಲ. ನನಗೂ ಎಂಬತ್ತಾಗ್ತಾ ಬಂತು, ಮುಂದಿನ ವರ್ಷ ಇರ್ತೀನೋ ಇಲ್ವೋ." ಆ ಮಾತನ್ನು ಆಕೆ ಹತ್ತು ವರ್ಷದಿಂದ ಹೇಳುತ್ತಿದ್ದಾರೆ. ಆದರೂ ಯಾರಿಂದಲೂ ಇಲ್ಲ ಅನ್ನಲಾಗುವುದಿಲ್ಲ.

ಶನಿವಾರ ಬೆಳಕು ಹರಿಯುವ ಹೊತ್ತಿಗೆ ಹೊರಟೆವು. ಅತ್ತೆ ವ್ಯಾನಿನ ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತುಬಿಟ್ಟರು. "ಮುಂದೆ ಕೂತ್ರೆ ನನಗೆ ತಲೆ ಸುತ್ತುತ್ತೆ. ಕೊರಿನ್, ನೀನು ಮುಂದೆ ಹೋಗು." ಆಕೆಗೆ ಯಾವತ್ತೂ ತಲೆ ಸುತ್ತಿದ್ದಿಲ್ಲ. ನಾಲ್ಕೂವರೆ ಗಂಟೆ ದಾರಿಯಲ್ಲಿ ಅಪ್ಪ ಮಗಳ ನಡುವೆ ಆದ ಮಾತು ಎರಡೇ: "ಹೀಟರ್ ಜಾಸ್ತಿ ಆಯ್ತಾ?" "ಇಲ್ಲ."

ರಣರಂಗಕ್ಕೆ ಇಳಿದ ಮೇಲೆ ಸ್ವಲ್ಪ ಸಡಿಲವಾಯಿತು. ಲೈಲ್‌ಗೆ ಫಿರಂಗಿ ಕಂಡರೆ ಆಯಿತು, ಹತ್ತು ವರ್ಷದ ಹುಡುಗನಾಗುತ್ತಾನೆ. ಒಂದೊಂದರ ಬಾಯೊಳಗೂ ಇಣುಕಿ ನೋಡಿದ. ಒಹಾಯೋ ರೆಜಿಮೆಂಟಿನ ಕಲ್ಲಿನ ಮೇಲೆ ಅತ್ತೆ ಅಂಗೈ ಊರಿ ನಿಂತರು. ಕೊರಿನ್ ಅಜ್ಜಿಯ ಫೋಟೋ ತೆಗೆದಳು, ಆಮೇಲೆ ಒಂದು ಕ್ಷಣ ಯೋಚಿಸಿ, "ಅಪ್ಪ, ನೀವೂ ನಿಂತ್ಕೊಳ್ಳಿ" ಅಂದಳು. ಬೆಟ್ಟದ ಮೇಲೆ ಉರಿಯುವ ಶಾಂತಿಯ ದೀಪದ ಹತ್ತಿರ ಬಂದಾಗ ಲೈಲ್ ಟೋಪಿ ತೆಗೆದ.

"ನೋಡು, ಒಬ್ಬರ ಮೇಲೊಬ್ಬರು ಗುಂಡು ಹಾರಿಸಿದ ಉತ್ತರ ದಕ್ಷಿಣದವರೇ ಮತ್ತೆ ಇದೇ ನೆಲಕ್ಕೆ ಬಂದು ಕೈ ಕುಲುಕಿದ್ರು."

"ಐವತ್ತು ವರ್ಷ ಆದ್ಮೇಲೆ ಅಪ್ಪ. ಅಷ್ಟು ಹೊತ್ತಿಗೆ ಎಲ್ರ ಹಲ್ಲೂ ಉದುರಿತ್ತು, ಕಚ್ಚೋಕೆ ಆಗ್ತಿರಲಿಲ್ಲ."

ಲೈಲ್ ನಕ್ಕುಬಿಟ್ಟ. ಎರಡು ವಾರದ ಮೇಲೆ ಅವನ ನಗು ಕೇಳಿದ್ದು ನಾನು. ಅತ್ತೆ ನನ್ನ ಕೈ ಹಿಸುಕಿದರು.

ಕೆಳಗಿನ ಬೆಂಚಿನಲ್ಲಿ ಬುತ್ತಿ ಬಿಚ್ಚಿದೆವು. ಹ್ಯಾಮ್ ಸ್ಯಾಂಡ್‌ವಿಚ್, ಸಾಸಿವೆ ಬೆರೆಸಿದ ಮೊಟ್ಟೆ, ಫ್ಲಾಸ್ಕಿನ ಕಾಫಿ. ಗಾಳಿ ಕೊರೆಯುತ್ತಿತ್ತು. ನಾನು ಎರಡನೇ ಮೊಟ್ಟೆಗೆ ಕೈ ಹಾಕಿದಾಗ ಫೋನ್ ಬಂತು. ಕೌಂಟಿಯ ದೊಡ್ಡ ಲೈಬ್ರರಿಯ ನಿರ್ದೇಶಕಿ.

"ರೋಂಡಾ, ಕೂತಿದ್ದೀಯಾ? ಕೊನೆಯ ಲೆಕ್ಕ ಬಂತು. ಹೌದು ಆರುನೂರ ಹನ್ನೊಂದು. ಇಲ್ಲ ಆರುನೂರ ಹನ್ನೊಂದು."

"ಸಮ ಬಂದ್ರೆ?"

"ಸಮ ಬಂದ್ರೆ ಬಿದ್ದ ಹಾಗೇನೇ. ಕಾನೂನು ಹಾಗಿದೆ. ನನಗೆ ತುಂಬ ಬೇಜಾರಾಗಿದೆ ಕಣೇ."

ಫೋನ್ ಇಟ್ಟು ಮನೆಯವರಿಗೆ ಹೇಳಿದೆ. ಹೇಳುವಾಗ ನನ್ನ ದನಿ ಬೇರೆ ಯಾರದೋ ಅನ್ನಿಸಿತು. ಒಂದೇ ಒಂದು ಓಟು. ಹತ್ತೊಂಬತ್ತು ವರ್ಷ ಒಂದು ಓಟಿಗೆ ಹೋಯಿತು.

"ನಾನು ಹೌದು ಅಂತಲೇ ಹಾಕಿದ್ದೆ" ಅಂದ ಲೈಲ್.

ಕೊರಿನ್ ತಿನ್ನುತ್ತಿದ್ದುದನ್ನು ನಿಲ್ಲಿಸಿದಳು. "ನೀವು? ತೆರಿಗೆಗೆ?"

"ನಿಮ್ಮಮ್ಮನ ಲೈಬ್ರರಿ ಕಣೇ ಅದು. ನಾನೇನು ರಾಕ್ಷಸನಾ?"

"ನಾನೂ ಹೌದು ಅಂತ ಹಾಕಿದ್ದೆ ಅಪ್ಪ. ನೀವು ಖಂಡಿತ ಇಲ್ಲ ಅಂತ ಹಾಕಿರ್ತೀರ ಅಂದ್ಕೊಂಡು ಎಷ್ಟು ಬೈದುಕೊಂಡಿದ್ದೆ ಗೊತ್ತಾ!"

ಅವಳು ಎದ್ದು ಹೋಗಿ ಅಪ್ಪನ ಪಕ್ಕ ಕೂತಳು. ನನಗೆ ಒಳಗೆ ಅಳು, ಹೊರಗೆ ಸಂತೋಷ. ಅತ್ತೆ ಮಾತ್ರ ಕೈಯಲ್ಲಿದ್ದ ಮೊಟ್ಟೆಯನ್ನು ಹಾಗೇ ಹಿಡಿದುಕೊಂಡಿದ್ದರು.

"ಒಂದು ನಿಮಿಷ" ಅಂದಳು ಕೊರಿನ್. "ಅಂಚೆ ಓಟು ತಲುಪಿತೋ ಇಲ್ವೋ ಅಂತ ವೆಬ್‌ಸೈಟಲ್ಲಿ ತೋರಿಸುತ್ತೆ. ನಾನು ನೋಡೇ ಇರಲಿಲ್ಲ." ಫೋನಿನಲ್ಲಿ ಹೆಸರು, ಹುಟ್ಟಿದ ದಿನ ಹಾಕಿದಳು. ಹುಬ್ಬು ಗಂಟಾಯಿತು. "ಬಂದಿಲ್ಲ ಅಂತಿದೆ. ಅಪ್ಪ, ನಿಮ್ಮದು ನೋಡ್ತೀನಿ." ನೋಡಿದಳು. "ನಿಮ್ಮದೂ ಬಂದಿಲ್ಲ!"

ಲೈಲ್ ಬೆಂಚಿಗೆ ಗುದ್ದಿದ. "ನಾನು ಬಡ್ಕೊಂಡೆ! ಆ ಆಫೀಸಲ್ಲಿ ಓಟು ಕಸಕ್ಕೆ ಹಾಕ್ತಾರೆ ಅಂತ ನಾಲ್ಕು ವರ್ಷದಿಂದ ಬಡ್ಕೊಂಡೆ!"

"ನೀವು ಹೇಳಿದಾಗ ನಾನು ನಗ್ತಿದ್ದೆ. ಸಾರಿ ಅಪ್ಪ. ಬಿಡಬಾರದು ಇದನ್ನ."

"ಕೌಂಟರಲ್ಲಿ ಕೂರೋಳು ಬೆವ್ ತಾನೇ? ಅವಳೇ. ಊರಿನವರ ಗ್ರೂಪಿಗೆ ಬರಿ, ಅವಳ ಹೆಸರು ಹಾಕಿ ಬರಿ. ಊರಿಗೆಲ್ಲ ಗೊತ್ತಾಗ್ಲಿ."

ಬೆವ್ ನಮ್ಮ ಬೀದಿಯವಳೇ, ಗಂಡ ಸತ್ತವಳು, ಪ್ರತಿ ಮಂಗಳವಾರ ನನ್ನ ಹತ್ತಿರ ಪತ್ತೇದಾರಿ ಕಾದಂಬರಿ ಒಯ್ಯುವವಳು. ಅಪ್ಪ ಮಗಳು ಒಂದೇ ಫೋನಿನ ಮೇಲೆ ತಲೆಗೆ ತಲೆ ತಾಗಿಸಿಕೊಂಡು ಅವಳ ಮೇಲೆ ಬರೆಯತೊಡಗಿದರು. ಅವನು ಹೇಳುತ್ತಿದ್ದ, ಇವಳು ಕುಟ್ಟುತ್ತಿದ್ದಳು, ನಡುವೆ ಒಬ್ಬರ ಮಾತನ್ನು ಇನ್ನೊಬ್ಬರು ತಿದ್ದುತ್ತಿದ್ದರು. ಇಷ್ಟು ಒಗ್ಗಟ್ಟಾಗಿ ಅವರು ಕೂತದ್ದು ಕೊರಿನ್‌ಗೆ ಸೈಕಲ್ ಕಲಿಸಿದ ಕಾಲದಲ್ಲಿ.

ನಾನು ಅತ್ತೆಯ ಕಡೆ ನೋಡಿದೆ. ಆಕೆ ಇಬ್ಬರನ್ನೂ ನೋಡುತ್ತಿದ್ದರು, ಮುಖದಲ್ಲಿ ಸಂತೋಷವಿತ್ತು. ಆ ಸಂತೋಷ ಮಾಸುವ ಮೊದಲೇ ಮುಖದ ಬಣ್ಣ ಇಳಿಯತೊಡಗಿತು.

"ಅತ್ತೆ, ನೀವೇ ಅಲ್ವಾ ಹಾಕಿದ್ದು? ಯಾರ ಕೈಗೆ ಕೊಟ್ರಿ?"

ಆಕೆ ಮೊಟ್ಟೆಯನ್ನು ಕಾಗದದ ಮೇಲಿಟ್ಟರು.

"ಕೊರಿನ್, ಬೆವ್ ಹೆಸರು ಅಳಿಸು."

"ಯಾಕಜ್ಜಿ?"

"ಅವಳ ಕೈಗೆ ಬಂದೇ ಇಲ್ಲ. ಎರಡೂ ನನ್ ಹತ್ರ ಇವೆ. ಹೊಲಿಗೆ ಮಿಷಿನ್ ಡ್ರಾಯರಲ್ಲಿ."

ಯಾರಿಗೂ ಅರ್ಥವಾಗಲಿಲ್ಲ. ಲೈಲ್ ಸುಮ್ಮನೆ ನಗಲು ನೋಡಿದ. "ಮರೆತುಬಿಟ್ಯಾ ಅಮ್ಮ?"

ಮರೆತೆ ಅಂದಿದ್ದರೆ ಮುಗಿಯುತ್ತಿತ್ತು. ಎಪ್ಪತ್ತೊಂಬತ್ತರ ಮುದುಕಿ ಮರೆತದ್ದನ್ನು ಯಾರು ತಪ್ಪು ಅನ್ನುತ್ತಾರೆ? ಆಕೆ ಇಲ್ಲ ಎಂದು ತಲೆಯಾಡಿಸಿದರು.

"ಮರೀಲಿಲ್ಲ. ಆಫೀಸಿನ ಮುಂದೆ ಕಾರಲ್ಲಿ ಅರ್ಧ ಗಂಟೆ ಕೂತಿದ್ದೆ. ನಿಂದು ಒಬ್ಬನಿಗೆ, ಇವಳದು ಇನ್ನೊಬ್ಬರಿಗೆ. ಒಂದಕ್ಕೊಂದು ವಜಾ. ಹಾಕಿದ್ರೂ ಅಷ್ಟೇ, ಬಿಟ್ರೂ ಅಷ್ಟೇ. ನಾನೂ ನಿಮ್ಮಪ್ಪನೂ ಹಾಗೇ ಮಾಡ್ತಿದ್ವಿ. ಮದುವೆ ಆದ ವರ್ಷಾನೇ ಮಾತಾಡ್ಕೊಂಡಿದ್ವಿ: ಇಬ್ಬರೂ ಹಾಕೋದು ಬೇಡ. ಚುನಾವಣೆ ದಿನ ಬುತ್ತಿ ಕಟ್ಕೊಂಡು ಕಾರಲ್ಲಿ ಎಲ್ಲಾದ್ರೂ ತಿರುಗಾಡೋಕೆ ಹೋಗ್ತಿದ್ವಿ. ಇಲ್ಲಿಗೂ ಬಂದಿದ್ವಿ. ಅದಕ್ಕೇ ನಮ್ಮನೇಲಿ ಜಗಳ ಇರಲಿಲ್ಲ."

"ಅಮ್ಮಾ, ಅದು ನೀವಿಬ್ಬರೂ ಒಪ್ಪಿ ಮಾಡಿದ್ದು. ನಮ್ಮನ್ನ ಕೇಳಿದ್ಯಾ?"

"ಕೇಳಿದ್ರೆ ಒಪ್ತಿದ್ರಾ?"

"ನನ್ನ ಮೊದಲನೇ ಓಟು ಅಜ್ಜಿ ಅದು" ಅಂದಳು ಕೊರಿನ್. ಜೋರಾಗಿ ಹೇಳಲಿಲ್ಲ. ಜೋರಾಗಿ ಹೇಳಿದ್ದರೆ ಚೆನ್ನಾಗಿತ್ತು.

ನಾನು ಬೆರಳು ಮಡಿಸುತ್ತಿದ್ದೆ. "ಹಾಗಾದ್ರೆ ಲೈಬ್ರರಿಗೆ ಆರುನೂರ ಹದಿಮೂರು ಆಗ್ತಿತ್ತು. ನಿಮ್ಮ ಓಟು, ಅತ್ತೆ? ಈಗ ಮಾವ ಇಲ್ವಲ್ಲ, ನೀವು ಹಾಕಿದ್ರಿ ತಾನೇ?"

"ಫ್ಲಾಯ್ಡ್ ಹೋದ ಮೇಲೂ ಈ ಒಂಬತ್ತು ವರ್ಷ ನಾನು ಹಾಕಿಲ್ಲ. ಅವರು ಇಲ್ಲದಾಗ ನಾನೊಬ್ಬಳೇ ಹಾಕಿದ್ರೆ ಅವರಿಗೆ ಮೋಸ ಮಾಡಿದ ಹಾಗಾಗುತ್ತೆ."

ಆರುನೂರ ಹದಿನಾಲ್ಕು. ಗೆಲ್ಲಿಸಬಹುದಾಗಿದ್ದ ಓಟುಗಳು ನಮ್ಮ ಮನೆಯಲ್ಲೇ ಬಿದ್ದಿದ್ದವು. ವಾರಕ್ಕೆ ಮೂರು ದಿನ ನನ್ನ ಲೈಬ್ರರಿಯ ಕಿಟಕಿ ಪಕ್ಕ ಕೂತು ದಪ್ಪ ಅಕ್ಷರದ ಪುಸ್ತಕ ಓದುವ ಹೆಂಗಸು ಇವರು. ಆ ಕ್ಷಣ ನನಗೆ ಎಂಥ ಕೋಪ ಬಂತೆಂದರೆ, ಆಕೆಯ ಎರಡೂ ತೋಳು ಹಿಡಿದು ಅಲುಗಾಡಿಸಬೇಕೆನಿಸಿತು. ಬಾಯಿ ತೆರೆದರೆ ಏನು ಬರುತ್ತದೋ ಎಂದು ಹೆದರಿ ಬುತ್ತಿಯ ಡಬ್ಬಿಗಳನ್ನು ಮುಚ್ಚತೊಡಗಿದೆ. ಮುಚ್ಚಳಗಳು ಅದಲು ಬದಲಾದವು.

ಬರುವಾಗ ಕೊರಿನ್ ಯಾರೂ ಹೇಳದೆ ತಾನಾಗಿ ಅಪ್ಪನ ಪಕ್ಕ ಕೂತಳು. ದಾರಿಯುದ್ದಕ್ಕೂ ಅವರಿಬ್ಬರೂ ತಗ್ಗಿದ ದನಿಯಲ್ಲಿ ಮಾತಾಡುತ್ತಲೇ ಇದ್ದರು. ಹಿಂದಿನ ಸೀಟಿನವರ ಜೊತೆ ಯಾರೂ ಮಾತಾಡಲಿಲ್ಲ. ಅತ್ತೆಗೆ ಬೇಕಾಗಿದ್ದ ಒಗ್ಗಟ್ಟು ಕೊನೆಗೂ ಸಿಕ್ಕಿತ್ತು, ಆಕೆಯನ್ನು ಹೊರಗಿಟ್ಟು.

ಮರುದಿನ ಬೆಳಿಗ್ಗೆ ಪ್ಯಾನ್‌ಕೇಕ್ ಮಾಡಿದೆ, ಯಾರೂ ತಿನ್ನಲಿಲ್ಲ. ಅತ್ತೆ ಚರ್ಚಿಗೆ ಹೋಗುವ ಉಡುಪಿನಲ್ಲೇ ಬಂದು ಎರಡು ಲಕೋಟೆಗಳನ್ನು ಮೇಜಿನ ಮೇಲಿಟ್ಟರು. ಅಂಟು ಹಾಗೇ ಇತ್ತು, ಸಹಿಗಳು ಹಾಗೇ ಇದ್ದವು.

"ಬೆವ್‌ಗೆ ನಾನೇ ಹೋಗಿ ಹೇಳ್ತೀನಿ" ಅಂದರು. "ಊರಿಗೂ ಹೇಳ್ತೀನಿ. ನೀವು ಮುಚ್ಚಿಡೋದು ಬೇಡ."

ಲೈಲ್ ತನ್ನದನ್ನು ಹೆಬ್ಬೆರಳಿನಿಂದ ಹರಿದ. ಕೊರಿನ್ ಚಾಕುವಿನಿಂದ ಬಿಡಿಸಿದಳು. ಇನ್ನು ಅವು ಯಾವ ಕೆಲಸಕ್ಕೂ ಬಾರದ ಕಾಗದ. ಆದರೂ ಇಬ್ಬರೂ ಹಾಳೆ ಬಿಚ್ಚಿ ಪಕ್ಕಪಕ್ಕ ಹಾಸಿದರು. ಮೇಲಿನ ಸಾಲು ಬೇರೆ ಬೇರೆ. ಅದು ಗೊತ್ತಿದ್ದದ್ದೇ. ಕೊರಿನ್ ಬೆರಳಿಟ್ಟು ಕೆಳಗೆ ಇಳಿಯುತ್ತಾ ಹೋದಳು.

"ಶೆರಿಫ್… ಒಂದೇ. ಜಡ್ಜು… ಒಂದೇ. ಇಲ್ಲಿ ಬೇರೆ. ಇಲ್ಲೂ ಬೇರೆ. ಆಂಬುಲೆನ್ಸ್ ತೆರಿಗೆ… ಅಪ್ಪ, ನೀವು ಇದಕ್ಕೂ ಹೌದಾ?"

"ನಿನ್ನ ಅಜ್ಜನ್ನ ಕರ್ಕೊಂಡು ಹೋಗಿದ್ದು ಅದೇ ಆಂಬುಲೆನ್ಸು."

"ನಾನೂ ಅದಕ್ಕೇ ಹಾಕಿದ್ದು."

ಇಪ್ಪತ್ತೆರಡು ಕಡೆ ಗುರುತು ಹಾಕುವುದಿತ್ತು. ಮೂರು ಕಡೆ ಬೇರೆ ಬೇರೆ, ಹತ್ತೊಂಬತ್ತು ಕಡೆ ಒಂದೇ. ಕೊರಿನ್ ಎರಡು ಸಲ ಎಣಿಸಿದಳು. ಲೈಲ್ ಕುರ್ಚಿಗೆ ಒರಗಿ ಮುಖ ಉಜ್ಜಿಕೊಂಡ. ಎರಡು ವಾರ ಗ್ಯಾರೇಜಿನಲ್ಲಿ ಉಂಡವನು ಅವನು. ಒದ್ದೆ ಬಟ್ಟೆ ಹೊತ್ತುಕೊಂಡು ಹೋದವಳು ಅವಳು. ಈ ಮೂರು ಗುರುತಿಗೆ!

ಅತ್ತೆ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಆಕೆಯ ಬೆರಳೂ ಎರಡು ಹಾಳೆಗಳ ನಡುವೆ ಒಂದೊಂದೇ ಸಾಲು ಇಳಿಯಿತು, ತುಂಬ ನಿಧಾನವಾಗಿ, ಕಡೆಯ ಸಾಲಿನವರೆಗೆ.

"ಇಷ್ಟೊಂದು ಒಂದೇನಾ?" ಅಂದರು.

"ನೀವು ಮೇಲಿನ ಸಾಲು ಮಾತ್ರ ಲೆಕ್ಕ ಹಾಕಿದ್ರಿ ಅತ್ತೆ" ಅಂದೆ. ಇರಿಯಬೇಕೆಂದೇ ಹೇಳಿದೆ.

ಕೊರಿನ್ ಮಾತ್ರ ಇರಿಯಲು ಕೇಳಲಿಲ್ಲ, ತಿಳಿಯಲು ಕೇಳಿದಳು. "ಅಜ್ಜಿ, ಹಾಕೋ ಹಾಗಿದ್ದಿದ್ರೆ ಅಜ್ಜ ಕೆಳಗಡೆ ಏನೇನು ಹಾಕ್ತಿದ್ರು? ಶಾಲೆ, ಲೈಬ್ರರಿ, ರಸ್ತೆ, ಇವಕ್ಕೆಲ್ಲ?"

ಅತ್ತೆ ಹೇಳಲು ಬಾಯಿ ತೆರೆದರು. ಕಿಟಕಿಯ ಕಡೆ ನೋಡಿದರು, ಮತ್ತೆ ಹಾಳೆಯ ಕಡೆ ನೋಡಿದರು. ನಾನು ಆಕೆಯನ್ನು ಅಷ್ಟು ಬೆದರಿದ ಮುಖದಲ್ಲಿ, ಮಾವನ ಶವದ ಪಕ್ಕದಲ್ಲಿ ಕೂಡ, ಕಂಡಿರಲಿಲ್ಲ.

"ಗೊತ್ತಿಲ್ಲ" ಅಂದರು. "ನಲವತ್ತಾರು ವರ್ಷ… ನಾನು ಕೇಳೇ ಇಲ್ಲ."

ಕುರ್ಚಿ ಎಳೆದುಕೊಟ್ಟೆ. ಆಕೆ ಅದನ್ನು ಗಮನಿಸಲಿಲ್ಲ; ಲೈಲ್ ಎದ್ದು ಬಂದು ಭುಜ ಹಿಡಿದು ಕೂರಿಸಿದ.